ಎರಡೂವರೆ ಅಡಿ ಎತ್ತರದ ಕಚೇರಿ

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೀಜದಂಗಡಿಗಳ ಸಾಲೊಂದಿದೆ. ಆ ಸಾಲಿನ ಮೇಲಿನ ಅಂತಸ್ತಿನಲ್ಲಿ ಅರುಣಾಳ ಕಚೇರಿ ಇತ್ತು. ಒಂದು ಕಂಪ್ಯೂಟರು, ನಕ್ಷೆ ಮುದ್ರಿಸುವ ಯಂತ್ರ, ಬೇಸಿಗೆಯಲ್ಲಿ ಗದ್ದಲ ಮಾಡುವ ಕೂಲರು, ಇಷ್ಟೇ ಅಲ್ಲಿನ ಸಾಮಾನು. ಹಲಗೇರಿಯ ಪರಮೇಶಪ್ಪನ ಮಗಳಾದ ಅವಳು ಸಿವಿಲ್ ಡಿಪ್ಲೊಮಾ ಮುಗಿಸಿ, ಬೀಜದ ವ್ಯಾಪಾರಿ ಶಶಿಕಾಂತನನ್ನು ಮದುವೆಯಾಗಿ, ಹದಿನೆಂಟು ವರ್ಷಗಳಿಂದ ಅಲ್ಲೇ ಕುಳಿತು ಮನೆ, ಗೋದಾಮು, ಕಲ್ಯಾಣ ಮಂಟಪಗಳ ನಕ್ಷೆ ಬರೆಯುತ್ತಿದ್ದಳು. ಅವಳ ನಕ್ಷೆಯಲ್ಲಿ ತಪ್ಪು ಹುಡುಕುವುದು ಕಷ್ಟ ಎಂದು ಪರವಾನಗಿ ಕೊಡುವವರೇ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳು ಏನೂ ಆಗದವಳಂತೆ ಕಾಗದ ಸುತ್ತಿ ರಬ್ಬರ್ ಹಾಕುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು. ಆ ಹಿಗ್ಗು ಇಳಿದದ್ದು ಎರಡು ವರ್ಷದ ಹಿಂದಿನ ಒಂದು ಸೋಮವಾರ ಬೆಳಿಗ್ಗೆ.

ಕೆಳಗೆ ಓಣಿಯಲ್ಲಿ ಯಾರೋ ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದರು. ಚೀಲ ಇಳಿಸುವ ಗಾಡಿಯವರಿರಬೇಕು ಎಂದು ಸುಮ್ಮನಿದ್ದಳು. ಆಮೇಲೆ ತನ್ನ ಹೆಸರೇ ಕೇಳಿಸಿತು. ಕಿಟಕಿಯಿಂದ ಬಗ್ಗಿ ನೋಡಿದರೆ, ಹಿಂದೆ ಎರಡು ಗಾಲಿ ಹೆಚ್ಚಿಗೆ ಜೋಡಿಸಿದ ಸ್ಕೂಟರಿನ ಮೇಲೆ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಿಸಿಲಿಗೆ ತಲೆ ತುಂಬ ಸೆರಗು ಹೊದ್ದು ಕುಳಿತಿದ್ದಳು.

“ಅಕ್ಕಾರ, ನೀವು ಕೆಳಗ ಬರ್ರಿ. ನನಗ ಮ್ಯಾಲ ಬರಾಕ ಆಗಂಗಿಲ್ಲ,” ಎಂದಳು.

ಹದಿನೆಂಟು ಮೆಟ್ಟಿಲು ಇಳಿದು ಬರುವಾಗ ಅರುಣಾಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಅರ್ಧ ಬರೆದ ನಕ್ಷೆ ಹಾಗೇ ಬಿಟ್ಟು ಬಂದಿದ್ದಳು. ಬಂದವಳು ತನ್ನ ಹೆಸರು ಮೈಲವ್ವ ಎಂದಳು. ಎರಡು ವರ್ಷದ ಕೂಸಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋಗಿತ್ತು. ಮೋಟೆಬೆನ್ನೂರಿನ ಆಚೆ, ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ಪಂಚಾಯ್ತಿಯಲ್ಲಿ ಅವಳು ಅಂಗವಿಕಲರ ಕಾರ್ಯಕರ್ತೆ. ಊರಿನ ಹೆಸರು ಇಲ್ಲಿ ಬೇಡ, ಅಲ್ಲಿಯವರಿಗೆ ಬೇಜಾರಾದೀತು. ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾರದವರು ಇವರಿಗೆಲ್ಲ ಗುರುತಿನ ಚೀಟಿ ಮಾಡಿಸುವುದು, ಮಾಸಾಶನದ ಅರ್ಜಿ ತುಂಬುವುದು, ವೈದ್ಯರ ತಪಾಸಣೆಗೆ ಕರೆದೊಯ್ಯುವುದು ಅವಳ ಕೆಲಸ. ಆ ಪಂಚಾಯ್ತಿಗೆ ಹಿಂದಿನ ವರ್ಷ ಹೊಸ ಕಟ್ಟಡವಾಗಿತ್ತು. ನಕ್ಷೆ ಅರುಣಾಳದು.

ಆ ಕಟ್ಟಡದೊಳಗೆ ತಾನು ಈವರೆಗೆ ಕಾಲಿಟ್ಟಿಲ್ಲ ಎಂದಳು ಮೈಲವ್ವ. ದಿನಾ ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಾಳೆ, ಒಳಗಿನಿಂದ ಯಾರಾದರೂ ಹಾಜರಿ ಪುಸ್ತಕ ತಂದು ಸಹಿ ಮಾಡಿಸಿಕೊಂಡು ಹೋಗುತ್ತಾರೆ. ಮಳೆ ಬಂದರೆ ಪುಸ್ತಕ ತೊಯ್ಯುತ್ತದೆಂದು ಆ ದಿನ ಸಹಿಯೂ ಇಲ್ಲ.

ಅರುಣಾ ಒಪ್ಪಲಿಲ್ಲ. ಆ ನಕ್ಷೆ ಅವಳಿಗೆ ಚೆನ್ನಾಗಿ ನೆನಪಿತ್ತು. ಕಟ್ಟಡದ ಕಟ್ಟೆ ನೆಲದಿಂದ ಎರಡೂವರೆ ಅಡಿ ಮೇಲೆ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎನ್ನುವುದು ನಿಯಮ. ಎರಡೂವರೆಗೆ ಮೂವತ್ತು ಅಡಿ. ತಾನು ಮೂವತ್ತನ್ನೇ ಬರೆದಿದ್ದೆ, ಎರಡೂ ಬದಿಗೆ ಕೈಹಿಡಿ ತೋರಿಸಿದ್ದೆ, ನಡುವೆ ನಿಂತು ದಣಿವಾರಿಸಿಕೊಳ್ಳಲು ಸಮತಟ್ಟು ಜಾಗ ಬಿಟ್ಟಿದ್ದೆ ಎಂದು ವಿವರಿಸಿದಳು.

ಮೈಲವ್ವ ಪೂರ್ತಿ ಕೇಳಿಸಿಕೊಂಡಳು. “ನೀವು ಬರದೀರಿ. ಅವರು ಕಟ್ಯಾರ. ನಾ ಹೊರಗ ಕುಂತೇನಿ,” ಎಂದಳು.



ಎರಡು ದಿನ ಬಿಟ್ಟು ಅರುಣಾ ಟೇಪು ಹಿಡಿದು ಆ ಊರಿಗೆ ಹೋದಳು. ಬಣ್ಣ ಮಾಸದ, ನೋಡಲು ಚೆಂದದ ಕಟ್ಟಡ. ಬಾಗಿಲ ಬದಿಗೆ ಇಳಿಜಾರು ಇತ್ತು. ಅಳೆದಳು: ಹತ್ತು ಅಡಿ. ಮೂವತ್ತು ಅಡಿಯಲ್ಲಿ ಏರಬೇಕಾದದ್ದನ್ನು ಹತ್ತರಲ್ಲಿ ಏರಿಸಿದ್ದರು. ಅದರ ಮೇಲೆ ಮುಖ ಕಾಣುವಷ್ಟು ಹೊಳೆಯುವ ಟೈಲ್ಸು ಹಾಸಿದ್ದರು. ಚಪ್ಪಲಿ ಬಿಟ್ಟು ಹತ್ತಲು ನೋಡಿದಳು, ಕಾಲು ಜಾರಿತು. ಮೇಲೆ ಬಾಗಿಲಿಗೆ ನಾಲ್ಕಿಂಚು ಎತ್ತರದ ಕಪ್ಪು ಕಲ್ಲಿನ ಹೊಸ್ತಿಲು. ಸರ್ಕಾರ ಕೊಟ್ಟ ಗಾಲಿ ಕುರ್ಚಿಯೊಂದಿದೆ ಎಂದು ಮೈಲವ್ವ ಹೇಳಿದ್ದಳು. ಹೌದು, ಇತ್ತು. ಧೂಳು ಹಿಡಿಯಬಾರದೆಂದು ಪ್ಲಾಸ್ಟಿಕ್ ಸುತ್ತಿ ಒಳಗೆ, ಕಪಾಟಿನ ಪಕ್ಕ ನಿಲ್ಲಿಸಿದ್ದರು.

ಮೈಲವ್ವ ಅಂಗಳದಲ್ಲಿ ಸ್ಕೂಟರಿನ ಮೇಲಿದ್ದಳು. ಯಾರಾದರೂ ಎತ್ತಿಕೊಂಡು ಒಳಗೆ ಬಿಡುವುದಿಲ್ಲವೇ ಎಂದು ಅರುಣಾ ಕೇಳಿಬಿಟ್ಟಳು. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು. ಮೈಲವ್ವ ಬೇಸರಿಸಿಕೊಳ್ಳದೆ ಹೇಳಿದಳು: “ಮನ್ಯಾಗ ತೆವಳತೇನ್ರಿ ಅಕ್ಕಾರ. ಕಚೇರ್ಯಾಗ ತೆವಳಂಗಿಲ್ಲ. ಎತ್ತಿಸಿಕೊಳ್ಳಂಗೂ ಇಲ್ಲ. ನಾ ಅಲ್ಲಿ ಕೆಲಸ ಮಾಡಾಕ ಬಂದೇನಿ.”

ಅರುಣಾ ಮನೆಗೆ ಬಂದು ಹಳೆಯ ಕಡತ ತೆಗೆದಳು. ಕಟ್ಟಡ ನಕ್ಷೆಯಂತೆಯೇ ಮುಗಿದಿದೆ ಎಂದು ಕೊಟ್ಟ ಪ್ರಮಾಣಪತ್ರದ ಪ್ರತಿ ಅದರಲ್ಲಿತ್ತು. ಕೆಳಗೆ ಅವಳದೇ ಸಹಿ. ಸಹಿ ಮಾಡಿದ ವಾರ ಅವಳಿಗೆ ಮೂರು ಮದುವೆ, ಒಂದು ಗೃಹಪ್ರವೇಶ. ಗುತ್ತಿಗೆದಾರ ಶೇಖಪ್ಪ ಫೋನಿನಲ್ಲಿ ನಾಲ್ಕು ಫೋಟೊ ಕಳಿಸಿದ್ದ. ಫೋಟೊದಲ್ಲಿ ಇಳಿಜಾರು ಕಾಣುತ್ತಿತ್ತು. ಎಷ್ಟು ಕಡಿದು ಎಂದು ಫೋಟೊ ಹೇಳುವುದಿಲ್ಲ. ಅವಳು ಕೂತಲ್ಲೇ ಸಹಿ ಹಾಕಿ ಕಳಿಸಿದ್ದಳು. ಆ ರಾತ್ರಿ ಶಶಿಕಾಂತನಿಗೆ ಹೇಳಿದಾಗ ಅವನು, ಎಲ್ಲರೂ ಹಾಗೇ ಮಾಡುತ್ತಾರೆ ಬಿಡು ಎಂದ. ಅದೇ ಅವಳಿಗೆ ಇನ್ನೂ ಚುಚ್ಚಿತು.

ಮೊದಲು ಮಾಡಿದ್ದು ತನ್ನ ಕಚೇರಿಯನ್ನು ಕೆಳಗಿಳಿಸುವ ಕೆಲಸ. ಗಂಡನ ಅಂಗಡಿಯ ಹಿಂದಿನ ಕೋಣೆಯಲ್ಲಿ ಜೋಳದ ಬೀಜದ ಚೀಲಗಳನ್ನು ಒಂದು ಗೋಡೆಗೆ ಒತ್ತಿಸಿ ಮೇಜು ಹಾಕಿಕೊಂಡಳು. ಬೀಜಕ್ಕೆ ಹಚ್ಚಿದ ಔಷಧದ ವಾಸನೆಗೆ ದಿನಾ ತಲೆನೋವು ಬರುತ್ತಿತ್ತು, ಆದರೂ ಮೇಲೆ ಹೋಗಲಿಲ್ಲ. ಎರಡನೆಯದು ಶೇಖಪ್ಪನಿಗೆ ಫೋನ್ ಮಾಡಿದ್ದು. ಅವನದು ಒಂದೇ ಮಾತು: “ರ‍್ಯಾಂಪ್ ಐತಲ್ರಿ ಮೇಡಂ.”

ಮುಂದಿನ ಆರು ತಿಂಗಳಲ್ಲಿ ಆ ಮಾತನ್ನು ಅವಳು ಎಷ್ಟು ಬಾಯಿಂದ ಕೇಳಿದಳೋ ಲೆಕ್ಕವಿಲ್ಲ. ಪಂಚಾಯ್ತಿ ಅಧ್ಯಕ್ಷ ಬೀರಲಿಂಗಪ್ಪ ಚಹಾ ಕೊಟ್ಟು ಅದನ್ನೇ ಹೇಳಿದ. ಬ್ಯಾಡಗಿಯಲ್ಲಿ ಒಬ್ಬ ಅಧಿಕಾರಿ ಕಡತ ಬಿಡಿಸಿ, ಅದರಲ್ಲಿನ ಫೋಟೊವನ್ನು ಅವಳಿಗೇ ತಿರುಗಿಸಿ ತೋರಿಸಿದ. ಹಾವೇರಿಯ ಒಂದು ಕಚೇರಿಗೆ ಮೂರು ಸಲ ಅಲೆದಳು. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ವರ್ಗವಾಗಿ ಹೋಗಿದ್ದರು. ಮೂರನೆಯ ಸಲ ಹೊಸಬರು ಸಿಕ್ಕರು, ಸೌಜನ್ಯದವರೇ. ಮುದ್ರಿತ ಹಾಳೆಯೊಂದನ್ನು ಮುಂದಿಟ್ಟರು. ಇಳಿಜಾರು ಇದೆಯೇ, ಹೌದು ಅಥವಾ ಇಲ್ಲ. ಕೈಹಿಡಿ ಇದೆಯೇ, ಹೌದು ಅಥವಾ ಇಲ್ಲ. ಎಷ್ಟು ಉದ್ದ, ಎಷ್ಟು ಕಡಿದು ಎಂದು ಬರೆಯಲು ಜಾಗವೇ ಇರಲಿಲ್ಲ. “ಇಲ್ಲ ಅಂತ ಹೆಂಗ ಬರೀಲಿ, ಐತಲ್ಲ?” ಎಂದು ಅವರು ನಿಜವಾಗಿಯೂ ಗೊಂದಲದಿಂದ ಕೇಳಿದರು. ಹಾಳೆಯ ಅಂಚಿನಲ್ಲಿ ಅರುಣಾ ತಾನೇ ಪೆನ್ನಿನಿಂದ ಅಳತೆ ಬರೆದು ಎದ್ದು ಬಂದಳು.

ಅವಳ ಕಾಟ ತಡೆಯಲಾರದೆ ಶೇಖಪ್ಪ ದುರಸ್ತಿಗೂ ಕೈ ಹಾಕಿದ. ಆ ದುರಸ್ತಿಗಳನ್ನು ನೆನೆದರೆ ಈಗಲೂ ಅವಳು ಹಣೆ ಹಿಡಿದುಕೊಳ್ಳುತ್ತಾಳೆ. ಒಂದು ವಾರ ಅವನು ಇಳಿಜಾರಿಗೆ ಉಕ್ಕಿನ ಕೈಹಿಡಿ ಹಾಕಿಸಿದ. ಹೊರಗೆ ಜಾಗವಿಲ್ಲವೆಂದು ಕಂಬಗಳನ್ನು ಒಳಕ್ಕೆ ನೆಟ್ಟ, ಗಾಲಿ ಕುರ್ಚಿ ಹೋಗುವಷ್ಟು ಅಗಲವೂ ಉಳಿಯಲಿಲ್ಲ. ಜಾರುತ್ತದೆ ಎಂದಾಗ ಟೈಲ್ಸಿನ ಮೇಲೆ ಅಡ್ಡಡ್ಡ ಸಿಮೆಂಟಿನ ಪಟ್ಟಿ ಎಬ್ಬಿಸಿದ. ಎತ್ತಿನ ಗಾಡಿ ಹೋದರೂ ಕುಲುಕಾಡಬೇಕು, ಹಾಗೆ. ಕೊನೆಗೆ ಗೋಡೆಯ ಮೇಲೆ ಗಾಲಿ ಕುರ್ಚಿಯ ಚಿತ್ರವನ್ನು ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ ಅದರದೂ ಫೋಟೊ ಕಳಿಸಿದ. ಅದನ್ನು ನೋಡಿ ಅರುಣಾ ಫೋನನ್ನು ಬೀಜದ ಚೀಲದ ಮೇಲೆ ಎಸೆದಳು. ನೆಲದ ಮೇಲೆ ಎಸೆಯುವಷ್ಟು ಸಿಟ್ಟಿತ್ತು, ಧೈರ್ಯವಿರಲಿಲ್ಲ.

ಇನ್ನು ತೇಪೆ ಹಚ್ಚಿ ಪ್ರಯೋಜನವಿಲ್ಲ, ಒಡೆದೇ ಕಟ್ಟಬೇಕು ಎಂದು ಅವಳಿಗೆ ಸ್ಪಷ್ಟವಾಯಿತು. ಮತ್ತೆ ಹೋಗಿ ಇಡೀ ಅಂಗಳ ಅಳೆದಳು. ಮೂವತ್ತು ಅಡಿ ಇಳಿಜಾರಿಗೂ ನಡುವಿನ ಸಮತಟ್ಟಿಗೂ ಜಾಗ ಸಿಗುವುದು ಪೂರ್ವದ ಗೋಡೆಗುಂಟ ಮಾತ್ರ. ಮೂಲ ನಕ್ಷೆಯಲ್ಲಿ ಅವಳು ತೋರಿಸಿದ್ದೂ ಅಲ್ಲಿಯೇ. ಈಗ ಅಲ್ಲಿ ತಗಡಿನ ಚಪ್ಪರವೊಂದು ಎದ್ದಿತ್ತು, ಅಧ್ಯಕ್ಷರ ಕಾರು ನಿಲ್ಲಿಸಲು. ಯಾಕೆ ಮೂವತ್ತು ಹತ್ತಾಯಿತು ಎನ್ನುವುದು ಅವಳಿಗೆ ಅವತ್ತು ತಿಳಿಯಿತು. ಬೀರಲಿಂಗಪ್ಪನ ಮುಂದೆ ಹೇಳಿದಾಗ ಅವನಿಗೆ ಸಿಟ್ಟೇನೂ ಬರಲಿಲ್ಲ. ಕಾರು ಬಿಸಿಲಿಗೆ ನಿಂತರೆ ಸೀಟು ಸುಡುತ್ತದೆ ಎಂದ. ಮತ್ತೆ, ಇಡೀ ಊರಿಗೆ ಗಾಲಿ ಕುರ್ಚಿಯವರು ಎಷ್ಟು ಮಂದಿ, ಒಬ್ಬರೂ ಪಂಚಾಯ್ತಿಗೆ ಬಂದದ್ದನ್ನು ತಾನು ನೋಡಿಲ್ಲ ಎಂದ. ಬರಲು ಆಗುವುದಿಲ್ಲ, ಅದಕ್ಕೇ ನೋಡಿಲ್ಲ ಎಂದು ಅರುಣಾ ಎರಡು ಸಲ ಬಿಡಿಸಿ ಹೇಳಿದಳು. ಎರಡು ಸಲವೂ ಅವನು ತಲೆಯಾಡಿಸಿ ಮತ್ತೊಂದು ಚಹಾ ತರಿಸಿದ.

ಹೊರಗೆ ಬಂದು ಅವಳು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮೈಲವ್ವ ಮಾತ್ರ ಚಪ್ಪರದ ಕಡೆ ನೋಡುತ್ತಿದ್ದಳು. ನೆರಳು ಚಲೋ ಇದೆ ಎಂದಳು.

ಮುಂದಿನ ಮಂಗಳವಾರ ಮೈಲವ್ವ ತನ್ನ ಕಚೇರಿಯನ್ನು ಆ ಚಪ್ಪರದಡಿ ತೆರೆದಳು. ಸ್ಕೂಟರನ್ನು ಒಳಗೆ ನಿಲ್ಲಿಸಿ, ತೊಡೆಯ ಮೇಲೆ ಹಲಗೆ ಇಟ್ಟು ಅರ್ಜಿ ತುಂಬತೊಡಗಿದಳು. ಹಿಂದೆ ಮನೆಮನೆಗೆ ಹೋಗಿ ಮಾಡುತ್ತಿದ್ದ ಕೆಲಸ. ಈಗ ಎಲ್ಲರನ್ನೂ ಪಂಚಾಯ್ತಿಗೇ ಬರಹೇಳಿದಳು. ಮೊದಲ ವಾರ ಏಳೆಂಟು ಮಂದಿ ಬಂದರು. ಎರಡನೆಯ ವಾರ ಇಪ್ಪತ್ತು ದಾಟಿತು. ಕೋಲೂರಿದವರು, ಮಗನ ಬೈಕಿನ ಹಿಂದೆ ಕುಳಿತು ಬಂದ ಪಾರ್ಶ್ವವಾಯುವಿನವರು, ಮೊಣಕಾಲು ಹಿಡಿದು ಮೆಟ್ಟಿಲು ಹತ್ತಲಾರದ ಮುದುಕಿಯರು, ತುಂಬು ಬಸುರಿಯೊಬ್ಬಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ ದುರಗವ್ವ ಎನ್ನುವ ಕಣ್ಣು ಕಾಣದ ಅಜ್ಜಿ ಬುತ್ತಿಯನ್ನೇ ಕಟ್ಟಿಕೊಂಡು ಬಂದಿದ್ದಳು. ಎಲ್ಲರೂ ನೆರಳಿಗೆ ಕುಳಿತರು. ಅಧ್ಯಕ್ಷರ ಕಾರು ಬಂತು, ಎರಡು ಸಲ ಹಾರ್ನ್ ಮಾಡಿತು, ಬಿಸಿಲಲ್ಲಿ ನಿಂತಿತು. ಅಜ್ಜಿಯರನ್ನು ಎಬ್ಬಿಸಿ ಕಾರು ನಿಲ್ಲಿಸುವಷ್ಟು ಕೆಟ್ಟವನಲ್ಲ ಬೀರಲಿಂಗಪ್ಪ. ಮುಂದಿನ ಚುನಾವಣೆಯೂ ದೂರವಿರಲಿಲ್ಲ.

ಮೂರನೆಯ ಮಂಗಳವಾರ ಗ್ರಾಮಸಭೆ ಇತ್ತು. ಅದನ್ನೂ ಅಂಗಳದಲ್ಲೇ ನಡೆಸಬೇಕಾಯಿತು, ಯಾಕೆಂದರೆ ಜನ ಅಲ್ಲಿದ್ದರು. ಅರುಣಾಳನ್ನು ಮೈಲವ್ವ ಕರೆಸಿದ್ದಳು. ಶೇಖಪ್ಪನೂ ಬಂದಿದ್ದ. ಅವನು ಎದ್ದು ನಿಂತು, ಕಟ್ಟಡ ನಕ್ಷೆಯಂತೆಯೇ ಇದೆ, ಎಂಜಿನಿಯರರೇ ಸಹಿ ಮಾಡಿ ಕೊಟ್ಟಿದ್ದಾರೆ, ಬೇಕಾದರೆ ಕಾಗದ ನೋಡಿ ಎಂದು ಜೆರಾಕ್ಸ್ ಪ್ರತಿ ಎತ್ತಿ ಹಿಡಿದ. ಅದು ತನ್ನ ಬಾಯಿ ಮುಚ್ಚಿಸಲು ತಂದದ್ದು ಎಂದು ಅರುಣಾಗೆ ಗೊತ್ತಾಯಿತು. ತಪ್ಪು ಒಪ್ಪಿಕೊಂಡರೆ ನಕ್ಷೆ ಬರೆಯುವ ತನ್ನ ಪರವಾನಗಿಯೇ ಹೋದೀತು. ಆರು ತಿಂಗಳಿಂದ ಎಲ್ಲರ ಮೇಲೂ ಸಿಟ್ಟಾಗಿದ್ದಳು. ಯಾರ ಮೇಲೆ ಮೊದಲು ಆಗಬೇಕಿತ್ತೋ ಅವರನ್ನು ಮಾತ್ರ ಬಿಟ್ಟಿದ್ದಳು.

ಅವಳು ಎದ್ದಳು. “ಆ ಸಹಿ ನಂದ ಐತಿ. ನಾ ಬಂದು ನೋಡಲಿಲ್ಲ. ಫೋಟೊ ನೋಡಿ ಸಹಿ ಮಾಡೇನಿ. ಅದು ನನ್ನ ತಪ್ಪು,” ಎಂದಳು. “ನಕ್ಷೆದಾಗ ಮೂವತ್ತು ಅಡಿ ಐತಿ, ಇಲ್ಲಿ ಹತ್ತು ಐತಿ. ಟೇಪು ಇಲ್ಲೇ ಐತಿ, ಯಾರಾದ್ರೂ ಹಿಡೀರಿ.”

ಟೇಪು ಹಿಡಿದವನು ಆ ಇಳಿಜಾರನ್ನು ಕಟ್ಟಿದ ಗೌಂಡಿ ಹಾಲೇಶಪ್ಪನೇ. ಅವನೂ ಅದೇ ಊರಿನವನು, ಸಭೆಗೆ ಬಂದು ಹಿಂದೆ ಕುಳಿತಿದ್ದ. ಅಳೆದು, ಹತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಜನ ಅಧ್ಯಕ್ಷರ ಕಡೆ ನೋಡಿದರು. ಬೀರಲಿಂಗಪ್ಪ, ಚಪ್ಪರ ತೆಗೆಯಿರಿ ಎಂದ. ಕಾರನ್ನು ಬೇವಿನ ಗಿಡದ ಕೆಳಗೆ ಹಚ್ಚಿದರಾಯಿತು ಎಂದೂ ಸೇರಿಸಿದ. ಬೇವಿನ ಗಿಡ ಮೊದಲಿನಿಂದಲೂ ಅಲ್ಲೇ ಇತ್ತು. ಅರುಣಾ ತುಟಿ ಕಚ್ಚಿಕೊಂಡಳು.

ಸಭೆ ಮುಗಿದ ಮೇಲೆ ಅವಳು ಮೈಲವ್ವನ ಹತ್ತಿರ ಹೋಗಿ, ಸಹಿಯ ವಿಷಯ ಮೊದಲೇ ಹೇಳಬೇಕಿತ್ತು ಎಂದಳು.

“ನನಗ ಗೊತ್ತಿತ್ರಿ. ಕಾಗದ ನಾ ಮೊದಲ ನೋಡೇನಿ,” ಎಂದಳು ಮೈಲವ್ವ. “ಅದಕ್ಕ ನಿಮ್ಮ ಕಡೆ ಬಂದಿದ್ದೆ.”

ಕೆಲಸವನ್ನು ಅರುಣಾ ನಿಂತು ಮಾಡಿಸಿದಳು. ಅಲ್ಲಿಯೂ ತಲೆಬಿಸಿ ತಪ್ಪಲಿಲ್ಲ. ಮೂವತ್ತು ವರ್ಷ ಕರಣೆ ಹಿಡಿದ ಹಾಲೇಶಪ್ಪನಿಗೆ ಇಷ್ಟುದ್ದದ ಇಳಿಜಾರು ದಂಡದ ಕೆಲಸ ಅನ್ನಿಸಿತ್ತು. ನಕ್ಷೆಯ ಅಂಕಿ ಕಚೇರಿಗೆ, ಕಟ್ಟುವ ಅಂಕಿ ಜಾಗಕ್ಕೆ ತಕ್ಕಂತೆ ಎಂದು ಅವನು ನಂಬಿದ್ದ. ಮೊದಲ ದಿನ ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತೆರಡು ಅಡಿಗೆ ಗುರುತಿನ ದಾರ ಕಟ್ಟಿದ್ದ. ಅವಳು ಬಿಚ್ಚಿಸಿದಳು. ಮರುದಿನ ಇಪ್ಪತ್ತೇಳು. ಮತ್ತೆ ಬಿಚ್ಚಿಸಿದಳು. ಬೈಯಬೇಕೆಂದು ಬಾಯಿ ತೆರೆದವಳಿಗೆ ಅವನ ಹಿಂದೆ ನಿಂತಿದ್ದ ಸಿಮೆಂಟಿನ ಕೈಗಾಡಿ ಕಂಡಿತು.

ಕಟ್ಟಡದ ಮೇಲೆ ಕಲಸಿದ ಸಿಮೆಂಟು ಸಾಗಿಸುವಾಗ ಗಾಡಿಗೆ ಎಷ್ಟುದ್ದದ ಹಲಗೆ ಹಾಕುತ್ತೀರಿ ಎಂದು ಕೇಳಿದಳು. ಎತ್ತರಕ್ಕೆ ತಕ್ಕಷ್ಟು ಉದ್ದ, ಎರಡೂವರೆ ಅಡಿಗಾದರೆ ಎರಡು ಹಲಗೆ ಜೋಡಿಸಬೇಕು ಎಂದ. ಹತ್ತು ಅಡಿಯ ಹಲಗೆ ಸಾಲದೇ ಎಂದಳು. ಅವನು ನಕ್ಕ. ತುಂಬಿದ ಗಾಡಿ ಅಷ್ಟು ಕಡಿದಾದ ಹಲಗೆ ಹತ್ತುವುದಿಲ್ಲ, ಹಿಂದಕ್ಕೆ ಬಂದು ನೂಕುವವನ ಎದೆಗೇ ಬೀಳುತ್ತದೆ ಎಂದ. ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ತಾನು ಕಟ್ಟಿದ ಹಳೆಯ ಇಳಿಜಾರಿನ ಕಡೆ ತಿರುಗಿ ನೋಡಿದ.

“ಆ ಗಾಡ್ಯಾಗ ಮನಿಷಾ ಕುಂತು, ತಾನ ನೂಕ್ಕೋತ ಬರಬೇಕಲ್ರಿ,” ಎಂದ.

ಆಮೇಲೆ ಅವನು ಅಳತೆ ಕದಿಯಲಿಲ್ಲ. ಅಷ್ಟೇ ಅಲ್ಲ, ಅವಳ ತಲೆ ತಿಂದಿದ್ದ ಹೊಸ್ತಿಲಿನ ತಂಟೆಯನ್ನು ಬಿಡಿಸಿದವನೂ ಅವನೇ. ನಾಲ್ಕಿಂಚಿನ ಕಲ್ಲು ತೆಗೆಯಬೇಕು ಎಂದಾಗ ಪಂಚಾಯ್ತಿಯ ಸದಸ್ಯರೆಲ್ಲ ಒಂದಾಗಿದ್ದರು. ಹೊಸ್ತಿಲಿಲ್ಲದ ಬಾಗಿಲು ಹೆಣ್ಣುಮಕ್ಕಳು ಪೂಜೆ ಮಾಡದ ಬಾಗಿಲು, ಆಗುವುದಿಲ್ಲ ಎಂದು ಒಬ್ಬ ಸದಸ್ಯೆ ಹಟ ಹಿಡಿದಿದ್ದಳು. ಹಾಲೇಶಪ್ಪ ಆ ಕಲ್ಲನ್ನು ಎಬ್ಬಿಸಿ, ಕೆಳಗೆ ಅಗೆದು, ಅದೇ ಕಲ್ಲನ್ನು ನೆಲದ ಸಮಕ್ಕೆ ಹೂತ. ರಸಮಟ್ಟ ಇಟ್ಟು ತೋರಿಸಿದ. ಹೊಸ್ತಿಲು ಇದ್ದಲ್ಲೇ ಇತ್ತು, ಎಡವುವಂತಿರಲಿಲ್ಲ. ಸದಸ್ಯೆ ಅರಿಶಿನ ಕುಂಕುಮ ಹಚ್ಚಿ ಹೋದಳು.

ಸಿಮೆಂಟು ಗಟ್ಟಿಯಾಗಿ, ಒರಟು ಕಲ್ಲಿನ ಹಾಸು ಮುಗಿದು, ಎರಡೂ ಕಡೆಯ ಕೈಹಿಡಿ ನಿಂತ ಮೇಲೆ ಗಾಲಿ ಕುರ್ಚಿಯ ಪ್ಲಾಸ್ಟಿಕ್ ಹರಿದರು. ಮೈಲವ್ವ ಸ್ಕೂಟರಿನಿಂದ ಅದಕ್ಕೆ ಜರುಗಿ ಕುಳಿತಳು. ಯಾರೋ ನೂಕಲು ಬಂದರೆ ಕೈ ಅಡ್ಡ ಮಾಡಿದಳು. ಹದಿನೈದು ಅಡಿ ಏರಿ ಸಮತಟ್ಟಿನಲ್ಲಿ ನಿಂತು ಉಸಿರು ಬಿಟ್ಟಳು. ಮತ್ತೆ ಹದಿನೈದು. ಹೊಸ್ತಿಲು ದಾಟಿ, ಗುಮಾಸ್ತನ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ತಾನೇ ಎಳೆದುಕೊಂಡು ಸಹಿ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಅರುಣಾ, ಅಂತೂ ಮುಗಿಯಿತು ಎಂದು ಟೇಪು ಸುತ್ತಿ ಚೀಲಕ್ಕೆ ಹಾಕಿದಳು.

ಆ ಸಮಾಧಾನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಹನ್ನೆರಡರ ಹೊತ್ತಿಗೆ ಮೈಲವ್ವ ಅವಳನ್ನು ಹತ್ತಿರ ಕರೆದು, ಶೌಚಾಲಯದ ಬಾಗಿಲು ನೋಡಿರಿ ಎಂದು ಸಣ್ಣ ದನಿಯಲ್ಲಿ ಹೇಳಿದಳು. ನಕ್ಷೆಯಲ್ಲಿ ಮೂರು ಅಡಿ ಇದ್ದದ್ದು ಎರಡೇ ಅಡಿ ಇತ್ತು. ಕುರ್ಚಿ ಬಾಗಿಲಿಗೇ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಪೊರಕೆ, ಬಣ್ಣದ ಡಬ್ಬಿ, ಹಳೆಯ ಮತಪೆಟ್ಟಿಗೆ ತುಂಬಿದ್ದರು. ಇಳಿಜಾರಿನ ಹಿಂದೆ ಆರು ತಿಂಗಳು ತಿರುಗಿದ ಅರುಣಾ ಒಂದು ದಿನವೂ ಆ ಬಾಗಿಲು ತೆರೆದು ನೋಡಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ನಗುವೋ ಅಳುವೋ ತಿಳಿಯದ ಸ್ಥಿತಿ. ಮೈಲವ್ವನೇ ನೀರು ಕುಡಿಯಿರಿ ಎಂದು ಬಾಟಲಿ ಕೊಟ್ಟಳು. ಬಾಗಿಲು ಅಗಲವಾಗಲು ಮತ್ತೆ ನಾಲ್ಕು ತಿಂಗಳು, ಮತ್ತೆ ಹಾವೇರಿಗೆ ಎರಡು ಸಲ ಹೋಗಬೇಕಾಯಿತು. ಆದರೆ ಆಯಿತು.

ಶೇಖಪ್ಪ ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ. ಅವನ ಜೊತೆ ಇನ್ನಿಬ್ಬರು. ಪರವಾನಗಿ ಹೋಗಲಿಲ್ಲ, ಎಚ್ಚರಿಕೆಯ ಪತ್ರ ಬಂತು, ಅದನ್ನು ಮಡಿಸಿ ಮೇಜಿನ ಖಾನೆಯಲ್ಲಿಟ್ಟಿದ್ದಾಳೆ. ಈಗ ಅವಳು ಪಾಯ ತೆಗೆಯುವ ಮೊದಲೇ ಜಾಗಕ್ಕೆ ಹೋಗುತ್ತಾಳೆ, ಕಟ್ಟೆ ಯಾಕೆ ಇಷ್ಟು ಎತ್ತರ ಎಂದು ಜಗಳ ತೆಗೆಯುತ್ತಾಳೆ. ತಗ್ಗಿಸಿದರೆ ಇಳಿಜಾರೇ ಗಿಡ್ಡವಾಗುತ್ತದಲ್ಲ ಎನ್ನುತ್ತಾಳೆ. ಎತ್ತರವಿದ್ದರೆ ಮನೆ ಎದ್ದು ಕಾಣುತ್ತದೆ ಎಂದು ಕಟ್ಟಿಸುವವರು ಹೇಳುತ್ತಾರೆ. ಹತ್ತರಲ್ಲಿ ಮೂವರು ಒಪ್ಪಿದರೆ ಹೆಚ್ಚು. ಉಳಿದವರು ಬೇರೆ ನಕ್ಷೆಯವರನ್ನು ಹುಡುಕಿಕೊಳ್ಳುತ್ತಾರೆ.

ಕಳೆದ ತಿಂಗಳು ಕದರಮಂಡಲಗಿಯ ಕಡೆಯಿಂದ ಹಾಲೇಶಪ್ಪ ಫೋನ್ ಮಾಡಿದ. ಅಲ್ಲೊಂದು ಕಟ್ಟಡದ ಕೆಲಸ, ನಕ್ಷೆ ಬೇರೆ ಯಾರದೋ. ಇಳಿಜಾರಿಗೆ ಒಂದು ಅಡಿ ಏರಲು ಹನ್ನೆರಡರ ಬದಲು ಆರು ಬರೆದಿದ್ದಾರೆ, ತಾನು ಕಟ್ಟುವುದಿಲ್ಲ ಎಂದು ಕರಣೆ ಕೆಳಗಿಟ್ಟಿದ್ದೇನೆ, ಮಾಲೀಕರು ಕೂಗಾಡುತ್ತಿದ್ದಾರೆ, ಮೇಡಮ್ಮಾರು ಒಂದು ಮಾತು ಹೇಳಬೇಕು ಎಂದ. ಅರುಣಾ ಕಣ್ಣು ಮುಚ್ಚಿ, ಕೊಡಿ ಅವರಿಗೆ ಎಂದಳು. ಆಚೆಯಿಂದ ಮಾಲೀಕನ ಧ್ವನಿ ಬಂತು. ರ‍್ಯಾಂಪ್ ಇದೆಯಲ್ಲ ಮೇಡಂ, ಮತ್ತೇನು ಬೇಕು ಎಂದು ಅವನು ಶುರು ಮಾಡಿದ. ಅವಳು ಪೆನ್ನು ಕೆಳಗಿಟ್ಟು, ಕುರ್ಚಿ ಸರಿಸಿಕೊಂಡು, ಒಂದು ಅಡಿಗೆ ಹನ್ನೆರಡು ಅಡಿ ಎನ್ನುವುದರಿಂದ ಹೇಳಲು ತೊಡಗಿದಳು. ಮುಕ್ಕಾಲು ತಾಸು ಹಿಡಿಯಿತು.